ಹೆಜ್ಜೆಯಿಟ್ಟ ಗ್ವಾದಲೂಪೆ: ಚಿಕಾನಾ ಚಿತ್ರಗಳಲ್ಲಿನ ಪಾದಗಳ ಕುರಿತು ಒಂದು ಟಿಪ್ಪಣಿ

ಎಸ್ಟರ್ ಹೆರ್ನಾಂಡೆಸ್ 1975ರಲ್ಲಿ ಮಾಡಿದ ಒಂದು ಎಚಿಂಗ್ ಇದೆ. ಹಿಂದೆ ಬೆಂಕಿಯ ನಾಲಗೆಗಳಂತೆ ಚಾಚಿದ ಪ್ರಭಾವಳಿ, ಬೆನ್ನ ಮೇಲೆ ನಕ್ಷತ್ರಗಳ ಹೊದಿಕೆ, ಕೆಳಗೆ ಅರ್ಧಚಂದ್ರ, ಅದಕ್ಕೂ ಕೆಳಗೆ ಪುಟ್ಟ ದೇವದೂತ. ಇಷ್ಟೂ ಮೆಕ್ಸಿಕೊದ ಗ್ವಾದಲೂಪೆ ಮಾತೆಯ ಲಕ್ಷಣಗಳೇ. ನಡುವೆ ಇರುವವಳು ಮಾತ್ರ ಕೈ ಜೋಡಿಸಿಲ್ಲ, ಕಣ್ಣು ತಗ್ಗಿಸಿಲ್ಲ. ಕರಾಟೆಯ ಉಡುಪು ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು, ಒಂದು ಕಾಲನ್ನು ಝಾಡಿಸಿ ಹೊರಕ್ಕೆ ಒದೆಯುತ್ತಿದ್ದಾಳೆ. ಚಿತ್ರದ ಸ್ಪ್ಯಾನಿಷ್ ಹೆಸರನ್ನು ಕನ್ನಡಕ್ಕೆ ತಂದರೆ ‘ಚಿಕಾನೊ ಜನರ ಹಕ್ಕುಗಳನ್ನು ಕಾಯುತ್ತಿರುವ ಗ್ವಾದಲೂಪೆ ಕನ್ಯೆ’ ಎಂದಾಗುತ್ತದೆ.

ಇದನ್ನು ಮೊದಲ ಸಲ ಒಂದು ಕಲಾಪುಸ್ತಕದಲ್ಲಿ ಕಂಡಾಗ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಆಲೀಢ’ ಎಂದು ಗುರುತು ಹಾಕಿಕೊಂಡೆ. ಒಂದು ಮಂಡಿ ಬಾಗಿಸಿ ಇನ್ನೊಂದು ಕಾಲನ್ನು ಚಾಚಿದ ಯುದ್ಧದ ನಿಲುವಿಗೆ ನಮ್ಮ ಶಿಲ್ಪಶಾಸ್ತ್ರ ಕೊಟ್ಟ ಹೆಸರದು. ಹೊಯ್ಸಳ ಗುಡಿಗಳ ಗೋಡೆಯಲ್ಲಿ ಮಹಿಷನನ್ನು ತುಳಿದ ದೇವಿಯನ್ನು ನೋಡುತ್ತ ಬೆಳೆದ ಕಣ್ಣಿಗೆ, ಚಾಮುಂಡಿಯ ಹೆಸರೆತ್ತಿದರೆ ತ್ರಿಶೂಲ ನೆನಪಾಗುವ ಮನಸ್ಸಿಗೆ, ಕಾಲೆತ್ತಿದ ತಾಯಿಯಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ‘ನಮ್ಮ ದುರ್ಗೆಯ ಹಾಗೆಯೇ’ ಅಂದುಕೊಂಡು ಪುಟ ತಿರುಗಿಸಿದೆ. ಆ ಗುರುತು ತಪ್ಪು. ಯಾಕೆ ತಪ್ಪು ಎಂದು ಹುಡುಕುತ್ತ ಹೋದಾಗ ಸಿಕ್ಕದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬೇರೆ ಸೀಮೆಯ ಚಿತ್ರ ವಿಚಿತ್ರವಾಗಿ ಕಂಡರೆ ನಾವು ನಿಂತು ವಿಚಾರಿಸುತ್ತೇವೆ. ನಮ್ಮದರಂತೆಯೇ ಕಂಡರೆ ವಿಚಾರಿಸದೆ ಮುಂದೆ ಹೋಗುತ್ತೇವೆ. ಚಿಕಾನಾ ಕಲೆಯನ್ನು ಕನ್ನಡದ ಕಣ್ಣಿನಿಂದ ನೋಡುವಾಗ ಎದುರಾಗುವ ತೊಡಕು ಈ ಎರಡನೆಯ ಬಗೆಯದು.

ಮೊದಲು ಹೆಸರಿನ ಮಾತು. ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕನ್ ಮೂಲದವರನ್ನು ಕುರಿತ ‘ಚಿಕಾನೊ’ ಎಂಬ ಪದ ಬಹುಕಾಲ ಹೀಗಳಿಕೆಯಾಗಿತ್ತು. 1960ರ ದಶಕದ ಯುವಜನ ಅದನ್ನೇ ಎತ್ತಿ ಹೆಮ್ಮೆಯ ಹೆಸರಾಗಿಸಿಕೊಂಡರು. ಸ್ಪ್ಯಾನಿಷಿನಲ್ಲಿ ಗಂಡಸು ‘ಚಿಕಾನೊ’, ಹೆಂಗಸು ‘ಚಿಕಾನಾ’. ನೂರು ಹೆಂಗಸರ ನಡುವೆ ಒಬ್ಬ ಗಂಡಸು ಬಂದು ಕೂತರೆ ಇಡೀ ಗುಂಪು ಪುಲ್ಲಿಂಗಕ್ಕೆ ಸಲ್ಲುತ್ತದೆ. ನಮ್ಮ ಭಾಷೆಯಲ್ಲಿ ಹಾಗಿಲ್ಲ. ‘ಕಲಾವಿದ’, ‘ಕಲಾವಿದೆ’ ಎಂದು ಏಕವಚನದಲ್ಲಿ ಬೇರೆಯಾದರೂ ‘ಕಲಾವಿದರು’ ಎಂದೊಡನೆ ಗಂಡು ಹೆಣ್ಣಿನ ಲೆಕ್ಕ ಕರಗಿಹೋಗುತ್ತದೆ. ಹಾಗಾಗಿ ‘ಚಿಕಾನಾ’ದ ಕೊನೆಯ ಆಕಾರಕ್ಕೆ ಅಲ್ಲಿ ಇರುವ ಹಟ ಕನ್ನಡದ ಕಿವಿಗೆ ಸುಲಭವಾಗಿ ಕೇಳಿಸುವುದಿಲ್ಲ. ಚಳವಳಿಯ ಒಳಗೇ ಇದ್ದುಕೊಂಡು, ‘ನೀವು ಎಲ್ಲರ ಹೆಸರು ಎನ್ನುತ್ತಿರುವುದರಲ್ಲಿ ನಾವು ಇಲ್ಲ’ ಎಂದು ಹೇಳಿದ ಆಕಾರ ಅದು. ಹೆರ್ನಾಂಡೆಸ್ ತಮ್ಮ ಚಿತ್ರದ ಹೆಸರಿನಲ್ಲಿ ಆ ಪದವನ್ನು ರೂಢಿಯ ‘ಚ’ಕಾರದ ಬದಲು ಸ್ಪ್ಯಾನಿಷಿನ ‘ಎಕ್ಸ್’ ಅಕ್ಷರದಿಂದ ಬರೆದರು. ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯನ್ನು ಲಿಪಿಗಿಳಿಸುವಾಗ ಬಳಕೆಗೆ ಬಂದ ಅಕ್ಷರ ಅದು.

ಇನ್ನು ಮೂಲಚಿತ್ರ. ಸಂಪ್ರದಾಯದ ಪ್ರಕಾರ 1531ರ ಡಿಸೆಂಬರಿನಲ್ಲಿ, ಸ್ಪೇನಿನವರು ಮೆಕ್ಸಿಕೊ ಗೆದ್ದು ಹತ್ತು ವರ್ಷವಾದಾಗ, ತೆಪೆಯಾಕ್ ಗುಡ್ಡದ ಮೇಲೆ ಹುವಾನ್ ದಿಯೆಗೊ ಎಂಬ ಮೂಲನಿವಾಸಿಗೆ ಮಾತೆ ಕಾಣಿಸಿಕೊಂಡಳು. ಚಳಿಗಾಲದಲ್ಲಿ ಅರಳಿದ ಗುಲಾಬಿಗಳನ್ನು ಅವನು ಹೊದಿಕೆಯಲ್ಲಿ ಕಟ್ಟಿಕೊಂಡು ಬಿಷಪ್ಪರ ಮುಂದೆ ಬಿಚ್ಚಿದಾಗ ಹೂ ಉದುರಿ, ಬಟ್ಟೆಯ ಮೇಲೆ ಅವಳ ರೂಪ ಮೂಡಿತ್ತು. ಈ ಕಥೆ ಅಚ್ಚಾದದ್ದು ತಡವಾಗಿ, 1648ರಲ್ಲಿ ಸ್ಪ್ಯಾನಿಷಿನಲ್ಲಿ, ಮರುವರ್ಷ ನಾವಾತ್ಲ್‌ನಲ್ಲಿ. ಅದೇ ಗುಡ್ಡದಲ್ಲಿ ಮುಂಚೆ ‘ನಮ್ಮ ತಾಯಿ’ ಎಂಬ ಅರ್ಥದ ತೊನಾಂತ್ಸಿನ್ ದೇವಿಯ ಆರಾಧನೆ ಇತ್ತೆಂದು ಹದಿನಾರನೆಯ ಶತಮಾನದ ಪಾದ್ರಿಗಳೇ ಶಂಕೆಯಿಂದ ಬರೆದಿಟ್ಟಿದ್ದಾರೆ. ಮನುಷ್ಯರ ಕೈ ತಾಗದೆ ಮೂಡಿದ ರೂಪ ಎಂಬ ನಂಬಿಕೆಯನ್ನು ವಿವರಿಸಲು ನಮಗೆ ಹೊಸ ಪದ ಬೇಕಿಲ್ಲ: ಉದ್ಭವಮೂರ್ತಿ.

ಆ ರೂಪದಲ್ಲಿ ಅವಳ ಕಣ್ಣು ತಗ್ಗಿದೆ, ಕೈ ಎದೆಯ ಮುಂದೆ ಕೂಡಿದೆ, ನಿಲುವಂಗಿ ನೆಲದವರೆಗೂ ಇಳಿದಿದೆ. ಅದರ ಅಂಚಿನಲ್ಲಿ ಕಾಣುವುದು ಒಂದು ಪಾದದ ತುದಿ ಅಷ್ಟೇ. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಬರುವ ಸೂರ್ಯನನ್ನು ಹೊದ್ದು ಚಂದ್ರನನ್ನು ಕಾಲಡಿ ಇಟ್ಟುಕೊಂಡ ಸ್ತ್ರೀಯ ಲಕ್ಷಣಗಳು ಇಲ್ಲಿ ಇವೆ. ಆದರೆ ಚಂದ್ರನನ್ನು ಅವಳು ತುಳಿದ ಹಾಗೆ ಕಾಣುವುದಿಲ್ಲ. ಅದರ ಮೇಲೆ ಅವಳನ್ನು ಇಟ್ಟ ಹಾಗೆ ಕಾಣುತ್ತದೆ. ಶಾಂತಮೂರ್ತಿ, ಉಗ್ರಮೂರ್ತಿ ಎಂದು ಒಬ್ಬಳೇ ದೇವಿಗೆ ಎರಡು ಮುಖ ನಮ್ಮಲ್ಲಿ ಉಂಟು. ಗ್ವಾದಲೂಪೆಗೆ ಉಗ್ರರೂಪವೇ ಇಲ್ಲ. ಹಾಗಾಗಿ ನನ್ನ ‘ಆಲೀಢ’ ಸಲ್ಲುವುದಿಲ್ಲ. ಆಲೀಢ ಎಂಬುದು ಪರಂಪರೆ ಒಪ್ಪಿದ ನಿಲುವುಗಳಲ್ಲಿ ಒಂದು. ಶಿಲ್ಪಿ ಅದನ್ನು ಆರಿಸಿಕೊಳ್ಳಬಹುದು. ಹೆರ್ನಾಂಡೆಸ್‌ಗೆ ಆರಿಸಿಕೊಳ್ಳಲು ಅಂಥದೊಂದು ಇರಲಿಲ್ಲ. ನಾಲ್ಕು ಶತಮಾನಗಳಿಂದ ಎತ್ತದ ಕಾಲನ್ನು ಅವರು ಮೊದಲು ಎತ್ತಬೇಕಾಯಿತು.

ಹಾಗೆಂದು ಅವಳು ಅಲ್ಲಿಯವರೆಗೆ ತೆಪೆಯಾಕ್ ಬಿಟ್ಟು ಕದಲಿಯೇ ಇರಲಿಲ್ಲ ಎನ್ನುವಂತಿಲ್ಲ. 1810ರಲ್ಲಿ ಸ್ವಾತಂತ್ರ್ಯದ ದಂಗೆ ಎದ್ದ ಪಾದ್ರಿ ಮಿಗೆಲ್ ಹಿದಾಲ್ಗೊ ಅವಳ ಚಿತ್ರವನ್ನೇ ಧ್ವಜವಾಗಿ ಹಿಡಿದರು. 1966ರ ವಸಂತದಲ್ಲಿ ಕ್ಯಾಲಿಫೋರ್ನಿಯದ ಡೆಲಾನೊದಿಂದ ಸ್ಯಾಕ್ರಮೆಂಟೊವರೆಗೆ, ಸುಮಾರು 300 ಮೈಲಿ, ದ್ರಾಕ್ಷಿ ತೋಟದ ಕೂಲಿಗಳು ಪಾದಯಾತ್ರೆ ಹೊರಟಾಗ ಮುಂದೆ ಸಾಗಿದ್ದು ಗ್ವಾದಲೂಪೆಯ ಪಟವೇ. ಗರ್ಭಗುಡಿಯ ಮೂಲವಿಗ್ರಹ ಕದಲದಿದ್ದರೂ ಉತ್ಸವಮೂರ್ತಿ ಬೀದಿಗೆ ಬರುವುದನ್ನು ಬಲ್ಲ ನಮಗೆ ಈ ಏರ್ಪಾಡು ಕೂಡಲೇ ಅರ್ಥವಾಗುತ್ತದೆ. ಹೊತ್ತರೆ ಅವಳು ಬರುತ್ತಾಳೆ. ಹೊರುವ ಹೆಗಲು ಬೇರೆಯವರದು, ದಾರಿ ಯಾವುದೆಂದು ತೀರ್ಮಾನಿಸುವವರೂ ಬೇರೆಯವರು.

ಇದಕ್ಕೆ ಇನ್ನೊಂದು ಎಳೆ ಇದೆ. 1848ರ ಫೆಬ್ರವರಿ 2ರಂದು ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಯುದ್ಧ ಮುಗಿಸಿದ ಒಪ್ಪಂದಕ್ಕೆ ಸಹಿ ಬಿದ್ದದ್ದು ಗ್ವಾದಲೂಪೆ ಹಿದಾಲ್ಗೊ ಎಂಬ ಊರಿನಲ್ಲಿ, ಎಂದರೆ ಇದೇ ಮಾತೆಯ ಸನ್ನಿಧಿಯ ಊರಿನಲ್ಲಿ. ಟೆಕ್ಸಸನ್ನೂ ಲೆಕ್ಕಕ್ಕೆ ಹಿಡಿದರೆ ಮೆಕ್ಸಿಕೊ ತನ್ನ ನೆಲದ ಅರ್ಧದಷ್ಟನ್ನು ಕಳೆದುಕೊಂಡಿತು. ಕ್ಯಾಲಿಫೋರ್ನಿಯ, ನ್ಯೂ ಮೆಕ್ಸಿಕೊ, ಅರಿಜೋನಾಗಳ ಮೆಕ್ಸಿಕನ್ನರು ಇದ್ದಲ್ಲೇ ಇದ್ದರು. ಗಡಿ ಅವರನ್ನು ದಾಟಿ ದಕ್ಷಿಣಕ್ಕೆ ಹೋಯಿತು. ಚಿಕಾನೊ ಚಳವಳಿ ತನ್ನ ಇತಿಹಾಸವನ್ನು ಎಣಿಸತೊಡಗುವುದು ಈ ದಿನದಿಂದ. ಅಂಥ ಜನರ ಚಿತ್ರಗಳಲ್ಲಿ ನಿಂತಿರುವುದು, ನಡೆಯುವುದು, ದಾಟುವುದು ಬರಿಯ ಭಂಗಿಗಳಾಗಿ ಉಳಿಯುವುದಿಲ್ಲ ಎಂಬುದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಮೆಕ್ಸಿಕನ್ ಮನೆಗಳ ಗೋಡೆಯಲ್ಲಿ ಗ್ವಾದಲೂಪೆಯ ಜೊತೆಗೆ ಇನ್ನೊಂದು ಕ್ಯಾಲೆಂಡರ್ ಚಿತ್ರವೂ ತೂಗುತ್ತಿತ್ತು. ಹೆಸೂಸ್ ಎಲ್ಗೇರಾ ಎಂಬ ಚಿತ್ರಕಾರ 1940ರ ಸುಮಾರಿಗೆ ಬರೆದ ಜ್ವಾಲಾಮುಖಿಗಳ ದಂತಕಥೆ: ಗರಿಯ ಕಿರೀಟದ ಆಜ್ಟೆಕ್ ವೀರ, ಅವನ ಮುಂದೆ ಪ್ರಾಣಬಿಟ್ಟು ಒರಗಿದ ರಾಜಕುಮಾರಿ. ಅವಳನ್ನು ತೋಳಿನಲ್ಲಿ ಎತ್ತಿಕೊಂಡ ರೂಪಗಳೂ ಉಂಟು. ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಲಕ್ಷ್ಮಿ ಸರಸ್ವತಿಯರಿಗೆ ಮೊಳೆ ಹೊಡೆದ ನಮ್ಮ ಮನೆಗಳಿಗೆ ಈ ಕಲೆಯ ಸಂಚಾರದ ಬಗೆ ಹೊಸದೇನಲ್ಲ. ಚಿಕಾನೊ ಯುವಕರು ಈ ವೀರನನ್ನು ಭಿತ್ತಿಗಳ ಮೇಲೆ, ಕಾರುಗಳ ಬಾನೆಟ್ ಮೇಲೆ ಮತ್ತೆ ಮತ್ತೆ ಬರೆಸಿದರು. ಅಲ್ಲಿಗೆ ಒಬ್ಬ ಚಿಕಾನಾ ಹುಡುಗಿಯ ಕಣ್ಣೆದುರು ಇದ್ದ ಹೆಣ್ಣುಗಳು ಎರಡು. ಒಬ್ಬಳ ಪಾದ ನಿಲುವಂಗಿಯಲ್ಲಿ ಮುಚ್ಚಿಹೋಗಿದೆ. ಇನ್ನೊಬ್ಬಳ ಪಾದ ನೆಲದ ಮೇಲೆ ನಿಲ್ಲುವ ಸ್ಥಿತಿಯಲ್ಲೇ ಇಲ್ಲ.

ಹೆರ್ನಾಂಡೆಸ್ ಹುಟ್ಟಿದ್ದು 1944ರಲ್ಲಿ, ಸ್ಯಾನ್ ಹೋಕಿನ್ ಕಣಿವೆಯ ಡೈನೂಬಾ ಎಂಬ ಊರಿನಲ್ಲಿ, ಹೊಲಗೆಲಸದ ಕುಟುಂಬದಲ್ಲಿ. ಒಣದ್ರಾಕ್ಷಿಯ ಸೀಮೆ ಅದು. ಅವರ ಅತ್ಯಂತ ಹೆಸರಾದ ಚಿತ್ರ ಈ ಒದೆಯುವ ಕನ್ಯೆಯದಲ್ಲ, 1980ರ ದಶಕದ ಆರಂಭದ ‘ಸನ್ ಮ್ಯಾಡ್’ ಎಂಬ ಸ್ಕ್ರೀನ್‌ಪ್ರಿಂಟ್. ತಮ್ಮ ಊರಿನ ನೀರಿಗೆ ಕೀಟನಾಶಕ ಸೇರಿತ್ತೆಂದು ತಿಳಿದ ಮೇಲೆ ಅವರು ‘ಸನ್ ಮೇಡ್’ ಒಣದ್ರಾಕ್ಷಿಯ ಕೆಂಪು ಪೊಟ್ಟಣದ ನಗುಮುಖದ ಹುಡುಗಿಯನ್ನು ಬಾನೆಟ್ ತೊಟ್ಟ ಅಸ್ಥಿಪಂಜರವಾಗಿ ಬರೆದರು. ಬುಟ್ಟಿ ಹಾಗೆಯೇ ಇದೆ, ದ್ರಾಕ್ಷಿ ಹಾಗೆಯೇ ಇದೆ. ಕೆಳಗಿನ ಅಕ್ಷರಗಳು ಹಣ್ಣಿಗೆ ಹೊಡೆದ ವಿಷಗಳ ಬಗೆಗಳನ್ನು ಹೆಸರಿಸುತ್ತವೆ. ಈ ಎರಡು ಚಿತ್ರಗಳನ್ನು ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಚರ್ಚಿಸುತ್ತಾರೆ, ಒಂದು ಧರ್ಮದ್ದು, ಇನ್ನೊಂದು ಪರಿಸರದ್ದು ಎಂಬಂತೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ. ಪೊಟ್ಟಣದ ಹುಡುಗಿಯ ತಲೆಯ ಹಿಂದೆಯೂ ಹಳದಿ ಸೂರ್ಯನಿದ್ದಾನೆ, ಕಿರಣಗಳಿವೆ. ಅವಳೂ ಪ್ರಭಾವಳಿಯ ದೇವತೆಯೇ, ಅಂಗಡಿಯ ಕಪಾಟಿನ ದೇವತೆ. ಪ್ರಭಾವಳಿಯನ್ನು ಕದಲಿಸದೆ ಒಳಗಿನ ಮೈಯನ್ನು ಬದಲಾಯಿಸುವ ಉಪಾಯ ಎರಡರಲ್ಲೂ ಒಂದೇ. 2008ರಲ್ಲಿ ವಲಸಿಗರ ಮೇಲಿನ ದಾಳಿಗಳನ್ನು ಕುರಿತು ಅವರು ‘ಸನ್ ರೇಡ್’ ಮಾಡಿದಾಗಲೂ ಇದೇ ಚೌಕಟ್ಟಿಗೆ ಮರಳಿದರು.

ಯೊಲಾಂಡಾ ಲೋಪೆಸ್ (1942–2021) ಸ್ಯಾನ್ ಡಿಯೆಗೊದವರು. 1978ರಲ್ಲಿ ಅವರು ಕಾಗದದ ಮೇಲೆ ಆಯಿಲ್ ಪ್ಯಾಸ್ಟೆಲಿನಲ್ಲಿ ಮಾಡಿದ ಮೂರು ಚಿತ್ರಗಳ ಸರಣಿ ಚಿಕಾನಾ ಕಲೆಯ ಯಾವ ಪುಸ್ತಕದಲ್ಲೂ ತಪ್ಪದೆ ಬರುತ್ತದೆ. ಮೊದಲನೆಯದರಲ್ಲಿ ಅವರೇ ಗ್ವಾದಲೂಪೆ. ಕಾಲಿಗೆ ಓಟದ ಶೂ ಹಾಕಿ, ತೊಡೆಯ ಸ್ನಾಯು ಎದ್ದು ಕಾಣುವಂತೆ, ಪ್ರಭಾವಳಿಯಿಂದ ನಮ್ಮ ಕಡೆಗೆ ನಗುತ್ತ ಓಡಿಬರುತ್ತಿದ್ದಾರೆ. ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ಗಾಳಿಗೆ ಹಾರುವ ನಕ್ಷತ್ರದ ಹೊದಿಕೆ. ಕೆಳಗಿನ ದೇವದೂತನ ರೆಕ್ಕೆಗಳಿಗೆ ಅಮೆರಿಕದ ಬಾವುಟದ ಕೆಂಪು, ಬಿಳಿ, ನೀಲಿ. ಅವನ ಮೇಲಿಂದ ಹಾರಿ ಬರುತ್ತಿದ್ದಾರೆ. ಎರಡನೆಯದು ಅವರ ತಾಯಿ, ಮಾರ್ಗರೆಟ್ ಸ್ಟೂವರ್ಟ್: ಕನ್ನಡಕ ಧರಿಸಿ ಹೊಲಿಗೆ ಯಂತ್ರದ ಮುಂದೆ. ಮೂರನೆಯದು ಅಜ್ಜಿ ವಿಕ್ಟೋರಿಯಾ ಫ್ರಾಂಕೊ: ಪ್ರಭಾವಳಿಯ ನಡುವೆ ಆರಾಮಾಗಿ ಕೂತಿದ್ದಾರೆ, ಕೈಯಲ್ಲಿ ಚಾಕು ಮತ್ತು ಸುಲಿದ ಹಾವಿನ ಚರ್ಮ.

ಪುಸ್ತಕದ ಮುಖಪುಟಗಳಿಗೂ ಪೋಸ್ಟರುಗಳಿಗೂ ಏರಿದ್ದು ಓಡುವ ಚಿತ್ರ. ಅದು ಸಹಜ, ಅದರ ನಗು ಅಂಥದು. ನನಗೆ ಮಾತ್ರ ಈ ಮೂರರಲ್ಲಿ ಎರಡನೆಯದೇ ಹೆಚ್ಚು ದಿಟ್ಟವಾಗಿ ಕಾಣುತ್ತದೆ. ತಾಯಿ ಆ ಯಂತ್ರದಲ್ಲಿ ಹೊಲಿಯುತ್ತಿರುವುದು ಏನನ್ನು ಎಂದು ನೋಡಬೇಕು. ಅದು ಗ್ವಾದಲೂಪೆಯದೇ ನಕ್ಷತ್ರಗಳ ಹೊದಿಕೆ. ಉದ್ಭವಮೂರ್ತಿ ಎಂದು ಜನ ನಾಲ್ಕು ನೂರು ವರ್ಷ ನಂಬಿದ ಬಟ್ಟೆ ಇಲ್ಲಿ ಸೂಜಿಯ ಕೆಳಗೆ ಇದೆ. ಯಾವ ಕೈಯೂ ಮಾಡಲಿಲ್ಲ ಎಂದು ಹೇಳಿದ್ದನ್ನು ಒಂದು ಕೈ ಮಾಡುತ್ತಿದೆ, ಅದೂ ಜೀವನವಿಡೀ ಬೇರೆಯವರ ಬಟ್ಟೆ ಹೊಲಿದು ಮನೆ ನಡೆಸಿದ ಕೈ. ಶೂ ತೊಟ್ಟ ದೇವಿಗಿಂತ ದೊಡ್ಡ ತಕರಾರು ಇದರಲ್ಲಿದೆ, ಆದರೆ ದನಿ ಏರಿಸಿಲ್ಲವಾದ್ದರಿಂದ ಯಾರ ಗಮನಕ್ಕೂ ಬೀಳುವುದಿಲ್ಲ. ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರನ್ನು ನೋಡಿದವರಿಗೆ ಈ ಚಿತ್ರದ ಬಗ್ಗೆ ಹೆಚ್ಚು ಟಿಪ್ಪಣಿ ಬೇಕಾಗಲಿಕ್ಕಿಲ್ಲ.

ಮತ್ತೊಂದು ಸಂಗತಿ. ಓಡುವವಳ ಪಕ್ಕ ಇರುವ ಇಬ್ಬರೂ ಕೆಲಸದ ಹೆಂಗಸರು. ಗ್ವಾದಲೂಪೆಯ ಪರಂಪರೆಯಲ್ಲಿ ಓಡುವುದು ಎಷ್ಟು ಹೊಸದೋ ಕೂರುವುದೂ ಅಷ್ಟೇ ಹೊಸದು. ದಿನವಿಡೀ ನಿಂತು ದುಡಿದವರಿಗೆ ಕೂರುವುದು ಎಂದರೇನೆಂದು ಲೋಪೆಸ್‌ಗೆ ಗೊತ್ತಿತ್ತು. ಮೂರು ತಲೆಮಾರುಗಳ ಹಾವನ್ನೂ ಗಮನಿಸಬಹುದು. ಮೊಮ್ಮಗಳು ಜೀವಂತ ಹಾವನ್ನು ಹಿಡಿದಿದ್ದಾಳೆ, ಅಜ್ಜಿ ಅದನ್ನು ಸುಲಿದು ಮುಗಿಸಿದ್ದಾರೆ. ಕ್ರೈಸ್ತರಿಗೆ ಹಾವು ಪಾಪ. ಆಜ್ಟೆಕರ ಕೊವಾತ್ಲಿಕುವೆ ದೇವಿಗೆ ಹಾವುಗಳೇ ಲಂಗ. ಯಾವ ಹಾವನ್ನು ಅಜ್ಜಿ ಸುಲಿದರು ಎಂಬ ಪ್ರಶ್ನೆಗೆ ಚಿತ್ರ ಉತ್ತರ ಕೊಡದೆ ಇರುವುದೇ ಒಳ್ಳೆಯದು. ಲೋಪೆಸ್‌ರ ಕೃತಿಗಳ ಮೊದಲ ದೊಡ್ಡ ಏಕವ್ಯಕ್ತಿ ಪ್ರದರ್ಶನ ಸ್ಯಾನ್ ಡಿಯೆಗೊದ ಸಮಕಾಲೀನ ಕಲಾ ಮ್ಯೂಸಿಯಂನಲ್ಲಿ 2021ರ ಅಕ್ಟೋಬರಿನಲ್ಲಿ ತೆರೆಯಿತು. ಅದಕ್ಕೆ ಕೆಲವು ವಾರ ಮುಂಚೆ, ಸೆಪ್ಟೆಂಬರಿನಲ್ಲಿ, ಅವರು ತೀರಿಕೊಂಡಿದ್ದರು. ಈ ಸರಣಿ ಆಗ 43 ವರ್ಷ ಹಳೆಯದಾಗಿತ್ತು.

ಮೂರರ ಸರಣಿಯ ಮಾತು ಬಂದದ್ದರಿಂದ ಜೂಡಿತ್ ಬಾಕಾ ಅವರ 1976ರ ‘ಮೂವರು ಮರಿಯಾಗಳು’ ಕೃತಿಯನ್ನೂ ಹೇಳಬೇಕು. ಆಳೆತ್ತರದ ಮೂರು ಫಲಕಗಳು. ಒಂದರಲ್ಲಿ ಹಳೆಯ ಕಾಲದ ಪಚೂಕಾ, ಇನ್ನೊಂದರಲ್ಲಿ ತಮ್ಮ ಕಾಲದ ಚೋಲಾ. ಇಬ್ಬರೂ ಮರ್ಯಾದಸ್ಥರು ಮೂಗು ಮುರಿಯುವ ಬೀದಿಯ ಹುಡುಗಿಯರು. ನಡುವಿನ ಫಲಕ ಬರಿಯ ಕನ್ನಡಿ. ಮೂರನೆಯ ಮರಿಯಾ ಯಾರೆಂಬುದು ಎದುರು ನಿಂತವರ ಮೇಲೆ ಹೋಗುತ್ತದೆ. ಅದೇ ವರ್ಷ ಬಾಕಾ ಲಾಸ್ ಏಂಜಲೀಸಿನ ಸ್ಯಾನ್ ಫರ್ನಾಂಡೊ ಕಣಿವೆಯ ಪ್ರವಾಹ ಕಾಲುವೆಯೊಂದರ ಕಾಂಕ್ರೀಟ್ ಗೋಡೆಯ ಮೇಲೆ ‘ಮಹಾಗೋಡೆ’ಯನ್ನು ಆರಂಭಿಸಿದರು. 1983ರವರೆಗೆ ಐದು ಬೇಸಿಗೆಗಳಲ್ಲಿ ನಾನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಸೇರಿ 2,754 ಅಡಿ ಉದ್ದದ ಚಿತ್ರ ಬರೆದರು. ಈ ಗೋಡೆ ಆರಂಭವಾಗುವುದಕ್ಕೂ ಎರಡು ವರ್ಷ ಮುಂಚೆ, 1974ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಪೆಟ್ರೀಷಿಯಾ ರೊಡ್ರಿಗೆಸ್, ಗ್ರಸಿಯೆಲಾ ಕರಿಯೊ, ಕನ್ಸುಯೆಲೊ ಮೆಂಡೆಸ್, ಐರೀನ್ ಪೆರೆಸ್ ಎಂಬವರು ‘ಮುಹೇರೆಸ್ ಮುರಾಲಿಸ್ತಾಸ್’ ಎಂಬ ಗುಂಪು ಕಟ್ಟಿಕೊಂಡು ಗೋಡೆಗಳಿಗೆ ಬಣ್ಣ ಹಾಕಿದ್ದರು. ಸಾರುವೆ ಕಟ್ಟಿ ಹತ್ತುವುದು ಗಂಡಸರ ಕೆಲಸ ಎಂಬ ಮಾತನ್ನು ಕೇಳಿಕೊಂಡೇ ಅವರು ಹತ್ತಿದರು. ಆ ವರ್ಷದ ಅವರ ದೊಡ್ಡ ಭಿತ್ತಿಚಿತ್ರ ‘ಲಾತಿನೊಅಮೇರಿಕಾ’ ಈಗ ಉಳಿದಿಲ್ಲ. ಭಿತ್ತಿಚಿತ್ರಗಳದೇ ಒಂದು ದೊಡ್ಡ ಕಥೆ; ಇಲ್ಲಿ ಅದಕ್ಕೆ ಜಾಗವಿಲ್ಲ.

1978ರಲ್ಲಿ ಇನ್ನೊಂದು ಘಟನೆ ನಡೆಯಿತು. ಫೆಬ್ರವರಿಯಲ್ಲಿ ಮೆಕ್ಸಿಕೊ ನಗರದ ನಡುಭಾಗದಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ನೆಲ ಅಗೆಯುವಾಗ ಮೂರು ಮೀಟರಿಗೂ ಮಿಗಿಲು ವ್ಯಾಸದ ಒಂದು ದುಂಡು ಕಲ್ಲು ಸಿಕ್ಕಿತು. ಅದರ ಮೇಲೆ ಆಜ್ಟೆಕರ ಕೊಯೊಲ್‌ಶೌಕಿ ದೇವಿ. ಅವಳನ್ನು ಚಂದ್ರದೇವತೆ ಎಂದು ಬಹಳ ಮಂದಿ ವಿದ್ವಾಂಸರು ಗುರುತಿಸುತ್ತಾರೆ. ತಾಯಿ ಕೊವಾತ್ಲಿಕುವೆಯ ಮೇಲೆ ದಂಡೆತ್ತಿ ಹೋದಾಗ ಆಗತಾನೆ ಹುಟ್ಟಿದ ತಮ್ಮ ಅವಳನ್ನು ಕೊಂದು ಬೆಟ್ಟದಿಂದ ಕೆಳಕ್ಕೆ ಎಸೆದನೆಂದು ಪುರಾಣ. ಕಲ್ಲಿನಲ್ಲಿ ತಲೆ ಒಂದು ಕಡೆ, ತೋಳು ಒಂದು ಕಡೆ, ಕಾಲುಗಳು ಒಂದು ಕಡೆ. ಇಲ್ಲಿ ಒಂದು ಎಚ್ಚರಿಕೆ: ಲೋಪೆಸ್ ಸರಣಿಯ ವರ್ಷವೂ ಈ ಕಲ್ಲು ಸಿಕ್ಕ ವರ್ಷವೂ ಒಂದೇ ಎಂಬುದರಿಂದ ಒಂದರಿಂದ ಇನ್ನೊಂದು ಹುಟ್ಟಿತು ಎಂದು ಹೇಳಲು ಬರುವುದಿಲ್ಲ. ಮುಂದಿನ ತಲೆಮಾರಿನ ಚಿಕಾನಾ ಲೇಖಕಿಯರು ಮತ್ತು ಕಲಾವಿದೆಯರು ಈ ಕಲ್ಲನ್ನು ತಮ್ಮದಾಗಿಸಿಕೊಂಡರು ಎಂಬುದಕ್ಕೆ ಮಾತ್ರ ಧಾರಾಳ ಪುರಾವೆ ಇದೆ. ಗ್ವಾದಲೂಪೆಯ ಕಾಲಡಿಯ ಚಂದ್ರ ಅವರಿಗೆ ಬರಿಯ ಚಂದ್ರನಾಗಿ ಉಳಿಯಲಿಲ್ಲ.

ಆ ಕಲ್ಲು ಅಲ್ಮಾ ಲೋಪೆಸ್ ಅವರ 1999ರ ‘ಅವರ್ ಲೇಡಿ’ ಎಂಬ ಡಿಜಿಟಲ್ ಚಿತ್ರದಲ್ಲಿ ಗ್ವಾದಲೂಪೆಯ ಹೊದಿಕೆಯೇ ಆಗಿದೆ. (ಯೊಲಾಂಡಾ ಮತ್ತು ಅಲ್ಮಾ ಬೇರೆ ಬೇರೆ, ಅಡ್ಡಹೆಸರು ಒಂದೇ ಆದ್ದರಿಂದ ಗೊಂದಲವಾಗುವುದುಂಟು.) ಮೈಮೇಲೆ ಗುಲಾಬಿಗಳನ್ನಷ್ಟೇ ತೊಟ್ಟ ಹೆಣ್ಣು, ಸೊಂಟದ ಮೇಲೆ ಕೈ, ನೇರ ನೋಟ. ಕೆಳಗೆ ದೇವದೂತನ ಜಾಗದಲ್ಲಿ ಚಿಟ್ಟೆಯ ರೆಕ್ಕೆಯ ಇನ್ನೊಬ್ಬ ಹೆಣ್ಣು. 2001ರಲ್ಲಿ ನ್ಯೂ ಮೆಕ್ಸಿಕೊದ ಸಾಂತಾ ಫೆ ನಗರದ ಅಂತರರಾಷ್ಟ್ರೀಯ ಜನಪದ ಕಲಾ ಮ್ಯೂಸಿಯಂನಲ್ಲಿ ‘ಸೈಬರ್ ಆರ್ತೆ’ ಪ್ರದರ್ಶನದ ಭಾಗವಾಗಿ ಇದನ್ನು ತೂಗುಹಾಕಿದಾಗ ಊರಿಗೆ ಊರೇ ಎದ್ದಿತು. ಪ್ರತಿಭಟನೆ, ಪ್ರಾರ್ಥನಾ ಸಭೆ, ಆರ್ಚ್‌ಬಿಷಪ್ಪರ ಖಂಡನೆ. ಮ್ಯೂಸಿಯಂ ಚಿತ್ರವನ್ನು ಕೆಳಗಿಳಿಸಲಿಲ್ಲ. ಪ್ರದರ್ಶನವನ್ನು ಗೊತ್ತಾದ ದಿನಕ್ಕಿಂತ ಮೊದಲೇ ಮುಗಿಸಿತು. ಗೋಡೆಯ ಮೇಲಿದ್ದದ್ದು ಒಂದು ಕ್ಯಾಲೆಂಡರ್ ಹಾಳೆಗಿಂತಲೂ ಚಿಕ್ಕ ಚಿತ್ರ.

ಪಾದಗಳ ಸುತ್ತ ವಾದ ಕಟ್ಟಲು ಹೊರಟ ನನಗೆ ಈ ಚಿತ್ರ ಅಡ್ಡಬರುತ್ತದೆ. ಇಲ್ಲಿ ಅವಳು ಓಡುವುದಿಲ್ಲ, ಒದೆಯುವುದಿಲ್ಲ, ಕೂರುವುದೂ ಇಲ್ಲ. ಮೂಲದಲ್ಲಿ ಇದ್ದ ಹಾಗೆಯೇ ಚಂದ್ರನ ಮೇಲೆ ನಿಂತಿದ್ದಾಳೆ. ಆದರೂ ಕರಾಟೆಯ ಕನ್ಯೆಗೆ ಆಗದಷ್ಟು ಗಲಭೆ ಇವಳಿಗಾಯಿತು. ಬಟ್ಟೆ ಇಲ್ಲದ್ದರಿಂದ ಎಂಬುದು ಸುಲಭದ ಉತ್ತರ, ಅದರಲ್ಲಿ ಸತ್ಯವೂ ಇದೆ. ನನಗೆ ತೋರುವುದು ಬೇರೆ. ಒದೆಯುವವಳು ಯಾರಿಗಾಗಿಯೋ ಒದೆಯುತ್ತಿದ್ದಳು. ಶೀರ್ಷಿಕೆಯೇ ಅದನ್ನು ಹೇಳುತ್ತದೆ. ಮಕ್ಕಳಿಗಾಗಿ ತಾಯಿ ಉಗ್ರಳಾದರೆ ಭಕ್ತರು ಕ್ಷಮಿಸುತ್ತಾರೆ. ಸಾಂತಾ ಫೆಯಲ್ಲಿ ನಿಂತವಳು ಯಾರನ್ನೂ ಕಾಯುತ್ತಿಲ್ಲ. ಸುಮ್ಮನೆ ನಿಂತು ನೋಡುತ್ತಿದ್ದಾಳೆ. ಮೂಲಚಿತ್ರವನ್ನು ಯಾರೂ ಮುಟ್ಟಬಾರದು ಎಂಬ ವಾದ ಆಗ ಜೋರಾಗಿ ಕೇಳಿಬಂತು. ಹಳೆಯ ಪ್ರತಿಗಳಲ್ಲಿ ಗ್ವಾದಲೂಪೆಯ ತಲೆಯ ಮೇಲೆ ಕಿರೀಟ ಇದೆ, ಮೂಲದಲ್ಲಿ ಈಗ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಮರೆಯಾಯಿತು ಎಂಬುದನ್ನು ಆ ವಾದ ಮಾಡಿದವರು ನೆನೆದಂತೆ ಕಾಣುವುದಿಲ್ಲ.

ಇಷ್ಟು ನೋಡಿದ ಮೇಲೆ ಪುಟದಂಚಿನ ‘ಆಲೀಢ’ವನ್ನು ಅಳಿಸಿದೆ. ‘ಉದ್ಭವ’, ‘ಉತ್ಸವಮೂರ್ತಿ’ ಎಂಬ ಪದಗಳನ್ನು ಉಳಿಸಿಕೊಂಡಿದ್ದೇನೆ. ಅವು ಚಿತ್ರದ ಒಳಕ್ಕೆ ಒಂದು ಹೆಜ್ಜೆ ಕರೆದೊಯ್ದವು, ಮೊದಲನೆಯದು ಹೊಸ್ತಿಲಲ್ಲೇ ನಿಲ್ಲಿಸಿತ್ತು. ನಮ್ಮ ಪದ ಬಳಸಬಾರದೆಂದಲ್ಲ, ಬಳಸಿದ ಪದ ನೋಡುವುದನ್ನು ಮುಗಿಸಿಬಿಟ್ಟಿತೋ ಮುಂದುವರಿಸಿತೋ ಎಂದು ವಿಚಾರಿಸಿಕೊಳ್ಳಬೇಕು. ಅವರಲ್ಲೇ ಹುಟ್ಟಿದ ಪದಗಳೂ ಇವೆ. ‘ರಸ್ಕ್ವಾಚೆ’ ಎಂದರೆ ಮೆಕ್ಸಿಕನ್ ಸ್ಪ್ಯಾನಿಷಿನಲ್ಲಿ ಅಗ್ಗದ್ದು, ಕೀಳು ಅಭಿರುಚಿಯದು. ವಿದ್ವಾಂಸ ತೊಮಾಸ್ ಇಬಾರ್ರಾ-ಫ್ರೌಸ್ತೊ ಅದನ್ನು ತಿರುಗಿಸಿ, ಕೈಗೆ ಸಿಕ್ಕದ್ದರಲ್ಲೇ ಒಪ್ಪವಾಗಿ ಬಾಳುವ ಬಡವರ ಸೌಂದರ್ಯದೃಷ್ಟಿಗೆ ‘ರಸ್ಕ್ವಾಚಿಸ್ಮೊ’ ಎಂದು ಹೆಸರಿಟ್ಟರು. ಕಲಾವಿದೆ ಅಮಾಲಿಯಾ ಮೇಸಾ-ಬೇನ್ಸ್ ಅದರ ಹೆಣ್ಣುರೂಪಕ್ಕೆ ‘ದೊಮೆಸ್ತಿಕಾನಾ’ ಎಂದರು: ಮನೆಯ ದೇವರ ಮೂಲೆ, ಕಸೂತಿ, ಕನ್ನಡಿ, ಹಳೆಯ ಫೋಟೊ, ಒಣಗಿದ ಹೂವು. ಇವೆಲ್ಲ ಅಲ್ಲಿ ಹೆಣ್ಣಿಗೆ ಆಸರೆಯೂ ಹೌದು, ಕಟ್ಟುಪಾಡೂ ಹೌದು.

ಕನ್ಸುಯೆಲೊ ಹಿಮೆನೆಸ್ ಅಂಡರ್‌ವುಡ್ (1949–2023) ಹೊಲಗೆಲಸದ ಕುಟುಂಬದಿಂದ ಬಂದ ನೇಕಾರ್ತಿ. ಅವರ 1994ರ ‘ದಾರಿಗಳ ಕನ್ಯೆ’ ಒಂದು ಕೌದಿ; ಹತ್ತಿ ಮತ್ತು ರೇಷ್ಮೆಯದು, ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. ನಡುವೆ ಗ್ವಾದಲೂಪೆ, ಸುತ್ತ ಬಣ್ಣದ ಹೂಗಳು, ಮುಳ್ಳುತಂತಿ. ಅವಳು ಮೂಲದಂತೆಯೇ ನಿಂತಿದ್ದಾಳೆ, ಮೈಯನ್ನು ಯಾರೂ ಬದಲಾಯಿಸಿಲ್ಲ. ದೂರದಿಂದ ನೋಡಿದರೆ ಅಷ್ಟೇ. ಹತ್ತಿರ ಹೋದರೆ ಹಿನ್ನೆಲೆಯ ತಿಳಿ ಬಟ್ಟೆಯಲ್ಲಿ ಹೊಲಿಗೆಯ ಗೆರೆಗಳು ಕಾಣತೊಡಗುತ್ತವೆ. ಸ್ಯಾನ್ ಡಿಯೆಗೊ ಬಳಿಯ 5ನೇ ಹೆದ್ದಾರಿಯಲ್ಲಿ ಗಡಿ ದಾಟಿ ರಸ್ತೆಗೆ ಬೀಳುವ ಜನರ ಬಗ್ಗೆ ವಾಹನ ಚಾಲಕರನ್ನು ಎಚ್ಚರಿಸಲು ಹಾಕಿದ್ದ ಹಳದಿ ಫಲಕದ ಚಿತ್ರ ಅದು. ಅದನ್ನು ಬರೆದವರು ಸಾರಿಗೆ ಇಲಾಖೆಯ ಕಲಾವಿದ, ನವಾಹೊ ಜನಾಂಗದ ಜಾನ್ ಹುಡ್. ಮುಂದೆ ಗಂಡಸು, ಅವನ ಹಿಂದೆ ಹೆಂಗಸು, ಅವಳ ಕೈಹಿಡಿದು ಜಡೆ ಹಾರಿಸುತ್ತ ಓಡುವ ಹುಡುಗಿ. ಆ ಫಲಕಗಳು ಈಗ ರಸ್ತೆಯಲ್ಲಿ ಇಲ್ಲ. ಕೌದಿಯಲ್ಲಿ ಅವರು ಮತ್ತೆ ಮತ್ತೆ ಓಡುತ್ತಾರೆ, ಬಟ್ಟೆಯ ಬಣ್ಣದಲ್ಲೇ ಕಲೆತುಹೋಗುವ ದಾರದಲ್ಲಿ. ಕೌದಿ ಹೊಲಿದ ಕೈಗಳಿಗೆ ಗೊತ್ತು, ಅಂಥ ಹೊಲಿಗೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಮ್ಯೂಸಿಯಂನಲ್ಲಿ ಮುಟ್ಟುವಂತಿಲ್ಲ. ಬೆಳಕು ಓರೆಯಾಗಿ ಬೀಳುವ ಕಡೆ ನಿಂತು, ತಲೆ ವಾರೆ ಮಾಡಿ, ಹುಡುಗಿಯ ಪಾದಗಳನ್ನು ಹುಡುಕಬೇಕು. ಎರಡೂ ನೆಲಕ್ಕೆ ತಾಗಿಲ್ಲ.